ಕಾಗಿಣಾ ಹೊಳೆಯ ಜಾಲರಿ ತಿಕ್ಕಿದ ಅಂಬಾರಾಯ

ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅಂಬಾರಾಯನ ಹೆಸರಿನ ಮುಂದೆ ‘ಸಹಾಯಕ’ ಎಂದಷ್ಟೇ ಇತ್ತು. ಯಾರಿಗೆ ಸಹಾಯಕ, ಯಾವುದರಲ್ಲಿ ಸಹಾಯಕ ಎಂದು ಕೇಳಿದರೆ ಪುಸ್ತಕ ಉತ್ತರ ಕೊಡುತ್ತಿರಲಿಲ್ಲ. ಚಿತ್ತಾಪುರ ತಾಲೂಕಿನ ಹದಿನಾಲ್ಕು ಹಳ್ಳಿಗಳ ಜನ ಬೆಳಿಗ್ಗೆ ಎದ್ದು ನಳ ತಿರುಗಿಸಿದರೆ ನೀರು ಬರುತ್ತಿತ್ತಲ್ಲ, ಅದಕ್ಕಾಗಿ ಈ ಮನುಷ್ಯ ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ದಿನಕ್ಕೊಂದು ಸಲ, ಕಾಗಿಣಾ ಹೊಳೆಯ ತಳ ಮುಟ್ಟಿ ಬರುತ್ತಿದ್ದ. ಹೀಗೆ ಹತ್ತೊಂಬತ್ತು ವರ್ಷ. ಅದನ್ನು ಬರೆದಿಡಲು ಪುಸ್ತಕದಲ್ಲಿ ಜಾಗವಿರಲಿಲ್ಲ.

ಹೊಳೆಯ ದಂಡೆಗೆ ಒಂದು ದೊಡ್ಡ ಕಾಂಕ್ರೀಟು ಬಾವಿ ಇದೆ. ಜಾಕ್‌ವೆಲ್ ಎನ್ನುತ್ತಾರೆ. ಹೊಳೆಯ ನೀರು ಎರಡು ದಪ್ಪ ಪೈಪುಗಳಲ್ಲಿ ಹರಿದು ಈ ಬಾವಿಗೆ ಬೀಳುತ್ತದೆ. ಮೇಲೆ ಕೂತ ಎರಡು ಪಂಪುಗಳು ಅದನ್ನೆತ್ತಿ ಊರುಗಳಿಗೆ ದೂಡುತ್ತವೆ. ಪೈಪುಗಳ ಬಾಯಿ ಇರುವುದು ಹೊಳೆಯೊಳಗೆ, ಹದಿಮೂರು ಅಡಿ ಆಳದಲ್ಲಿ. ಕಸ ಒಳಗೆ ಹೋಗದಿರಲೆಂದು ಆ ಬಾಯಿಗೆ ಕಬ್ಬಿಣದ ಸರಳಿನ ನಾಲ್ಕು ಮೈಯ ಪಂಜರ, ಅದೇ ಜಾಲರಿ. ಪಂಪು ಎಳೆದಾಗ ಪಾಚಿ, ಪ್ಲಾಸ್ಟಿಕ್ಕು, ಹರಿದ ಸೀರೆ, ಒಮ್ಮೊಮ್ಮೆ ಸತ್ತ ಹಂದಿ, ಎಲ್ಲ ಬಂದು ಅದಕ್ಕೇ ಅಂಟುತ್ತಿತ್ತು. ಅದನ್ನು ಕಿತ್ತು, ತಿಕ್ಕಿ, ಪೈಪಿನ ಬಾಯಿ ಬಿಡಿಸುವುದು ನಮ್ಮ ‘ಸಹಾಯಕ’ನ ಕೆಲಸ.

ಅವನ ತಾಯಿಯ ತವರು ಭೀಮಾ ನದಿ ದಂಡೆಯ ಸನ್ನತಿ. ಭೀಮೆಯಲ್ಲಿ ಭಕ್ತರು ಎಸೆದ ನಾಣ್ಯಕ್ಕೆ ಮುಳುಗು ಹಾಕುತ್ತ ಬೆಳೆದವನು ಅಂಬಾರಾಯ. ಉಸಿರು ಕಟ್ಟುವುದು ಅವನಿಗೆ ಅಲ್ಲಿಯೇ ಬಂದ ವಿದ್ಯೆ. ಬೇರೆ ವಿದ್ಯೆಗೆ ಅವನ ಕಾಲದಲ್ಲಿ ಅವನ ಕೇರಿಯವರನ್ನು ಯಾರೂ ಕೈ ಹಿಡಿದು ಕರೆಯಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಮುಗಿಯಿತು.

ಅವನು ನೀರಿಗೆ ಇಳಿಯುವುದಕ್ಕೆ ಒಂದು ಕಟ್ಟುನಿಟ್ಟು ಇತ್ತು, ಅದನ್ನು ಮಾಡಿದವಳು ಹೆಂಡತಿ ಅನಸುಬಾಯಿ. ಪಂಪು ಬಂದ್ ಮಾಡಿದರೆ ಸಾಲದು. ಎರಡೂ ಪಂಪುಗಳ ಫ್ಯೂಜು, ಒಂದಕ್ಕೆ ಮೂರರಂತೆ ಆರು ಬಿಳಿ ಪಿಂಗಾಣಿ ತುಂಡುಗಳನ್ನು ಕಿತ್ತು ತಂದು ಅವಳ ಉಡಿಗೆ ಹಾಕಬೇಕು. ಅವಳು ಹೊಳೆಯ ಮೆಟ್ಟಿಲ ಮೇಲೆ ಉಡಿ ಬಿಗಿ ಹಿಡಿದು ಕೂರುತ್ತಾಳೆ. ಗಂಡ ಮೇಲೆ ಬಂದು ಮೈ ಒರೆಸಿಕೊಳ್ಳುವ ತನಕ ಯಾವ ಸಾಹೇಬ ಬಂದು ಕೇಳಿದರೂ ಆರರಲ್ಲಿ ಒಂದೂ ಆಚೆ ಬರುವುದಿಲ್ಲ. ಒಂದು ಬೇಸಿಗೆಯಲ್ಲಿ ಊರಿಗೆ ನೀರಿಲ್ಲವೆಂದು ಪುಢಾರಿಯೊಬ್ಬ ಬಂದು ಮೆಟ್ಟಿಲ ಮೇಲೆ ನಿಂತು ಕೂಗಾಡಿದ.

“ನೀರ ಇವತ್ತ ಬರಲಿಲ್ಲಂದ್ರ ನಾಳಿ ಬರತಾದ್ರಿ. ನನ್ನ ಗಂಡ ಬರಂಗಿಲ್ಲ,” ಎಂದಳು ಅನಸುಬಾಯಿ. ಅವನು ಬಂದ ದಾರಿ ಹಿಡಿದ.

ಆರೂ ಫ್ಯೂಜು ಯಾಕೆ ಎಂದರೆ, ಎರಡೂ ಪೈಪು ಬಂದು ಬೀಳುವುದು ಒಂದೇ ಬಾವಿಗೆ. ಯಾವ ಪಂಪು ತಿರುಗಿದರೂ ಬಾವಿಯ ನೀರು ಇಳಿಯುತ್ತದೆ; ಬಾವಿಯ ನೀರು ಇಳಿದರೆ ತೆರೆದಿದ್ದ ಪೈಪೆಲ್ಲ ಹೊಳೆಯನ್ನು ಎಳೆಯತೊಡಗುತ್ತದೆ. ಒಂದು ಪಂಪಿನ ಫ್ಯೂಜು ಕಿತ್ತು ಇನ್ನೊಂದರದ್ದು ಬಿಟ್ಟರೆ ಏನೂ ಕಿತ್ತಂತಲ್ಲ. ಹೆಬ್ಬೆಟ್ಟಿನ ಹೆಂಗಸು ಅನಸುಬಾಯಿಗೆ ಇದು ಮೊದಲ ತಿಂಗಳಲ್ಲೇ ತಿಳಿದಿತ್ತು. ಓದಿದವರಿಗೆ ತಿಳಿಯಲು ಹತ್ತೊಂಬತ್ತು ವರ್ಷ ಬೇಕಾಯಿತು.

ಜಾಲರಿಗೆ ಅಂಟುತ್ತಿದ್ದುದು ಕಸ ಮಾತ್ರವಲ್ಲ. ಹೊಸ ನೀರು ಬಂದಾಗ ಮೀನು ತತ್ತಿ ಇಡುತ್ತದೆ. ಆಮೇಲೆ ಹೊಳೆಯ ತುಂಬ ಉಗುರಿನುದ್ದದ ಮರಿಗಳು. ಪಂಪಿನ ಎಳೆತಕ್ಕೆ ಅವು ಸರಳಿನ ಸಂದಿಗೆ ಬಂದು ಬಡಿದು ಸಾಯುತ್ತಿದ್ದವು, ತೂರಿದವು ಪಂಪಿಗೆ ಸಿಕ್ಕು ನುಚ್ಚಾಗುತ್ತಿದ್ದವು. ಅಂಬಾರಾಯ ಬೊಗಸೆಗಟ್ಟಲೆ ಬಳಿದು ದಂಡೆಗೆ ಎಸೆಯುತ್ತಿದ್ದ, ಕಾಗೆ ತಿನ್ನುತ್ತಿದ್ದವು. ಹೊಳೆ ದೊಡ್ಡದು, ಮೀನಿಗೇನು ಬರ ಎಂದುಕೊಂಡಿದ್ದ. ಆದರೆ ಮೀನು ಮಾರುವ ಮಾಳಮ್ಮ ಹಾಗೆಂದುಕೊಳ್ಳಲಿಲ್ಲ. ಒಂದು ದಿನ ಆ ಸತ್ತ ಮರಿಗಳನ್ನು ಬಕೀಟು ತುಂಬಿಕೊಂಡು ಹೋಗಿ ಕಚೇರಿಯಲ್ಲಿ ಎಂಜಿನಿಯರ್ ಮೇಜಿನ ಮೇಲೆ ಸುರಿದಳು.

“ಇವು ದೊಡ್ಡವಾಗಿದ್ರ ನನ್ನ ಬುಟ್ಟ್ಯಾಗ ಇರತಿದ್ವು. ನೀವೇ ಎಣಸ್ರಿ,” ಎಂದಳಂತೆ.

ಮೇಜಿನ ಹಿಂದೆ ಕೂತಿದ್ದವಳು ಸೇಡಂ ಕಡೆಯ ಭುವನೇಶ್ವರಿ, ಕೆಲಸಕ್ಕೆ ಸೇರಿ ಎರಡು ವರ್ಷವಾದ ಎಂಜಿನಿಯರ್. ಬೇರೆಯವರಾಗಿದ್ದರೆ ಜವಾನನನ್ನು ಕರೆದು ಮೇಜು ಒರೆಸಲು ಹೇಳುತ್ತಿದ್ದರು. ಈಕೆ ನಿಜಕ್ಕೂ ಎಣಿಸತೊಡಗಿದಳು.

ಆಕೆಯ ಓಡಾಟದಿಂದಲೇ ಆ ಆಷಾಢದಲ್ಲಿ ಎರಡು ನಮೂನೆಯ ಹೊಸ ಜಾಲರಿ ಹೊಳೆಗೆ ಬಂದವು. ಎರಡರ ಸೀಳೂ ಜೋಳದ ಕಾಳು ತೂರದಷ್ಟು ಸಣ್ಣ, ಎರಡೂ ತಮ್ಮನ್ನು ತಾವೇ ಸ್ವಚ್ಛ ಮಾಡಿಕೊಳ್ಳುವಂಥವು. ಒಂದು, ಚಪ್ಪಟೆ ಉಕ್ಕಿನ ತಗಡು. ಹಿಂದಿನಿಂದ ಎರಡು ತಾಸಿಗೊಮ್ಮೆ ಜೋರಾಗಿ ಗಾಳಿ ಹೊಡೆದು ಕಸ ಹಾರಿಸುತ್ತದೆ. ಇನ್ನೊಂದು, ಮೆಲ್ಲಗೆ ತಿರುಗುವ ಡ್ರಮ್ಮು. ತಿರುಗಿದಂತೆಲ್ಲ ಕುಂಚಗಳು ಒಳಗೂ ಹೊರಗೂ ಅದನ್ನು ತಿಕ್ಕುತ್ತವೆ. ತಗಡನ್ನು ಮೊದಲನೇ ಪೈಪಿನ ಹಳೆಯ ಪಂಜರದ ಒಂದು ಮೈಗೆ ಕೂರಿಸಿದರು, ಡ್ರಮ್ಮನ್ನು ಎರಡನೇ ಪೈಪಿನ ಬಾಯಿಗೆ. ಒಂದು ತಿಂಗಳು ನೋಡಿ ಒಂದನ್ನು ಆರಿಸಬೇಕು.

“ಕಾಕಾ, ಸೀಳು ಸಣ್ಣದಿದ್ರ ಸಾಲಂಗಿಲ್ರಿ,” ಎಂದು ಭುವನೇಶ್ವರಿ ಮೊದಲ ದಿನವೇ ಅಂಬಾರಾಯನಿಗೆ ಬಿಡಿಸಿ ಹೇಳಿದ್ದಳು. “ನೀರ ಮೆಲ್ಲಕ ಒಳಗ ಹೋಗಬೇಕು, ಮರಿ ಈಜಿ ತಪ್ಪಿಸ್ಕೊಳ್ಳೂ ಹಂಗ. ಅರ್ಧ ಜಾಳಿ ಕಟ್ಟಿಕೊಂಡ್ರ ಉಳದ ಅರ್ಧದಾಗ ಎಳತ ಎರಡ ಪಟ್ಟು ಆಗತದ. ಅದಕ್ಕ ಯಾವುದು ಖರೇನೂ ಸ್ವಚ್ಛ ಉಳೀತದ ಅಂಬೋದೇ ಮುಖ್ಯ.”

ಅಂಬಾರಾಯ ಹೂಂ ಅಂದ. ಆ ಲೆಕ್ಕ ಅವನ ಅಂಗೈಗೆ ಎಂದೋ ಗೊತ್ತಿತ್ತು.

ಎರಡನೇ ವಾರಕ್ಕೇ ತಗಡು ಸೋತಿತು. ಈ ಸೀಮೆಯ ನೆಲವೇ ಸುಣ್ಣಕಲ್ಲು. ಇಲ್ಲಿ ನೀರು ಕಾಯಿಸುವ ಹಂಡೆಯೊಳಗೂ ಬಿಳಿ ಪೊರೆ ಕಟ್ಟುತ್ತದೆ. ಹೊಳೆಯಲ್ಲಿ ಪಾಚಿಯೂ ಆ ಸುಣ್ಣವೂ ಕೂಡಿ ತಗಡಿನ ಮೇಲೆ ಗಾರೆಯಂತೆ ಕೂತುಬಿಟ್ಟಿತ್ತು. ಗಾಳಿ ಹೊಡೆದಾಗ ಎಲೆ, ಪ್ಲಾಸ್ಟಿಕ್ಕು ಹಾರಿ ಹೋಗುತ್ತಿದ್ದವು, ಗಾರೆ ಕದಲುತ್ತಿರಲಿಲ್ಲ. ಅದಕ್ಕೆ ತಿಕ್ಕುವುದೇ ಬೇಕು. ಅಂಬಾರಾಯ ಇಳಿದು ಡ್ರಮ್ಮನ್ನೂ ಮುಟ್ಟಿ ನೋಡಿದ, ತಿಕ್ಕಿಸಿಕೊಂಡು ಹೊಸದರಂತೆ ನುಣ್ಣಗಿತ್ತು. ಇದನ್ನು ಅವನು ಗುತ್ತಿಗೆದಾರನ ಸೂಪರ್‌ವೈಜರ್ ಸಿದ್ದಲಿಂಗೇಶನಿಗೆ ಹೇಳಿದ. ಹೇಳಿದ್ದೇ ತಪ್ಪಾಯಿತು.

ಸಿದ್ದಲಿಂಗೇಶ ಕೆಟ್ಟ ಮನುಷ್ಯನೇನಲ್ಲ. ಮೇಲಿನವರು ತಗಡೇ ಪಾಸಾಗಬೇಕು ಎಂದಿದ್ದರು, ಅವನಿಗೆ ಮೇಲಿನವರ ಭಯ. ನಿಯಮ ಏನೆಂದರೆ, ಎರಡೂ ಸ್ವಚ್ಛವಾಗಿ ಕಂಡರೆ ಕಡಿಮೆ ದರದ್ದನ್ನೇ ಆರಿಸಬೇಕು. ತಗಡು ಅಗ್ಗದ್ದು. ಎಂಜಿನಿಯರ್ ಕೊನೆಯ ಸಲ ನೋಡಲು ಬರುವ ಹಿಂದಿನ ದಿನ ಅವನು ಅಂಬಾರಾಯನನ್ನು ಪಂಪ್‌ಹೌಸಿನ ಹಿಂದೆ ಕರೆದ.

“ನಾಳಿ ಮೇಡಂ ಬರೂದ್ರಾಗ ಆ ತಗಡ ತಿಕ್ಕಿ ಬಿಡು.”

“ತಿಕ್ಕಿದ್ರ ಪರೀಕ್ಷಾ ಹ್ಯಾಂಗ ಆಯ್ತ್ರೀ ಸಾಹೇಬ್ರ?”

“ನೋಡು, ಆ ಡ್ರಮ್ ಬಂತಂದ್ರ ಹೊಳಿಗಿ ಇಳಿಯೋರೇ ಬ್ಯಾಡ. ನೀನೂ ಬ್ಯಾಡ, ಯಾರೂ ಬ್ಯಾಡ. ತಗಡ ಬಂತಂದ್ರ ತಿಂಗಳಿಗೊಮ್ಮಿ ತಿಕ್ಕಾಕ ಒಬ್ಬಂವ ಬೇಕೇ ಬೇಕು. ನಿನ್ನ ಉಸಿರಂತೂ ಮುಗೀತ ಬಂತು. ನಿನ್ನ ಜಾಗಕ್ಕ ಅಜಯನ್ನ ಹಚ್ಚತೀನಿ. ಮಾತ ಕೊಟ್ಟೀನಿ.”

ಅಜಯಕುಮಾರ ಅಂಬಾರಾಯನ ಒಬ್ಬನೇ ಮಗ, ಇಪ್ಪತ್ತನಾಲ್ಕು ವರ್ಷದವನು. ಶಹಾಬಾದದಲ್ಲಿ ಐಟಿಐ ಮಾಡಿ, ವಾಡಿಯಲ್ಲಿ ಮೂರು ತಿಂಗಳು ಕೆಲಸ, ಮೂರು ತಿಂಗಳು ಮನೆ ಎಂದು ಅಲೆದು ಸೋತಿದ್ದ. ಈಜು ಅಪ್ಪನಿಂದ ಬಂದಿತ್ತು. ಮಗನಿಗೊಂದು ಕಾಯಂ ಅನ್ನ ಸಿಗುತ್ತದೆ ಎಂದರೆ ಯಾವ ತಂದೆಯ ಕಿವಿ ನಿಮಿರುವುದಿಲ್ಲ? ಅಂಬಾರಾಯ ಮನೆಗೆ ಹೋಗಿ ತೆಂಗಿನ ನಾರು, ಇಟ್ಟಂಗಿ ಚೂರು ಹುಡುಕಿ ಚೀಲಕ್ಕೆ ಹಾಕಿಕೊಂಡ.

ಬೆಳಕು ಹರಿದ ಕೂಡಲೇ ಇಳಿದ. ಅನಸುಬಾಯಿ ಆರು ಫ್ಯೂಜು ಉಡಿಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಮಾಮೂಲು ಮೂರು ಮುಳುಗು ಹಾಕುವವನು ಅಂದು ಹದಿನಾಲ್ಕು ಹಾಕಿದ. ತಗಡನ್ನು ಮಾತ್ರ ತಿಕ್ಕಿದ. ಪರೀಕ್ಷೆ ಮುಗಿಯುವವರೆಗೆ ತಿಕ್ಕುವಂತಿಲ್ಲವಾದ್ದರಿಂದ ಅದೇ ಪಂಜರದ ಉಳಿದ ಮೂರು ಮೈಗಳಲ್ಲಿ ಪಾಚಿ, ಗಾರೆ ಕಟ್ಟಿ ಗೋಡೆಯಾಗಿತ್ತು. ಅದನ್ನು ಬಿಡಿಸಲು ಉಸಿರೂ ಉಳಿಯಲಿಲ್ಲ, ಹೊತ್ತೂ ಉಳಿಯಲಿಲ್ಲ. ಕೊನೆಯ ಸಲ ಮೇಲೆ ಬಂದಾಗ ಮೂಗಿನಿಂದ ರಕ್ತ ಇಳಿಯುತ್ತಿತ್ತು, ಉಗುರಿನ ಸಂದಿಯಲ್ಲೆಲ್ಲ ಬಿಳಿ ಸುಣ್ಣ.

ಅನಸುಬಾಯಿ ಆ ಉಗುರು ನೋಡಿದಳು.

“ಯಾವುದು ತಿಕ್ಕಿ ಬಂದ್ರಿ?”

ಅವನು ಕೈಗಳನ್ನು ಟವಲಿನೊಳಗೆ ಮುಚ್ಚಿಕೊಂಡ.

“ಪರೀಕ್ಷಾಕ್ಕ ಇಟ್ಟದ್ದು ತಿಕ್ಕಿದ್ರಿ. ಇದು ಸುಳ್ಳ ಹೇಳಿದಂಗ ಆಯ್ತಲ್ಲ.”

“ಅಜಯಂದು ನೋಡಬೇಕಲ್ಲ ಅನಸೂ.”

“ನಾ ಅಜಯಂದೇ ನೋಡ್ಲಿಕತ್ತೀನಿ,” ಎಂದು ಅವಳು ಫ್ಯೂಜುಗಳನ್ನು ಅವನ ಕೈಗೆ ಸುರಿದು, ಬರುವವರಿಗೆ ರೊಟ್ಟಿ ಬಡಿಯಲು ಮನೆಗೆ ನಡೆದಳು. ಅವಳು ಹೀಗೆ ಬೆನ್ನು ತಿರುಗಿಸಿ ಹೋದದ್ದು ಅಂಬಾರಾಯನಿಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಭುವನೇಶ್ವರಿ ಹತ್ತು ಗಂಟೆಗೆ ಜೀಪಿನಲ್ಲಿ ಬಂದಳು. ಮೊದಲು ಡ್ರಮ್ಮನ್ನು ನೋಡಬೇಕೆಂದಳು. ಡ್ರಮ್ಮಿನ ಜೊತೆ ಎರಡನೇ ಪೈಪಿಗೆ ಹೊಸದಾಗಿ ಕೂರಿಸಿದ್ದ, ನೀರು ತಡೆಯುವ ಗೇಟು ಮುಚ್ಚಿ, ಸರಪಳಿ ಹಾಕಿ, ಡ್ರಮ್ಮನ್ನು ಎತ್ತಿ ದಂಡೆಗೆ ತಂದರು. ಆಕೆ ಸೀಳುಗಳ ಮೇಲೆ ಬೆರಳಾಡಿಸಿದಳು, ಕುಂಚದ ಕೂದಲು ಸವೆದಿದೆಯೇ ನೋಡಿದಳು, ಫೋಟೋ ತೆಗೆದಳು. ಮುಖದಲ್ಲಿ ಸಮಾಧಾನವಿತ್ತು.

“ತಗಡೂ ಹಿಂಗೇ ಅದಾರಿ ಮೇಡಂ,” ಎಂದ ಸಿದ್ದಲಿಂಗೇಶ. “ಬೇಕಾದ್ರ ಅಂಬಾರಾಯನ್ನ ಕೇಳ್ರಿ.”

ಎಲ್ಲರೂ ಅವನತ್ತ ನೋಡಿದರು. ಅಂಬಾರಾಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

“ಹೌದ್ರಿ,” ಎಂದ.

“ತಗಡ ಎತ್ತಾಕ ಬರಂಗಿಲ್ಲ, ಪಂಜರಕ್ಕ ಬೋಲ್ಟ್ ಆಗ್ಯಾದ. ಬರೇ ಮಾತಿನ ಮ್ಯಾಲ ಬರೀಲಿಕ್ಕ ಆಗಂಗಿಲ್ಲ ಕಾಕಾ. ನನ್ನ ಮುಂದ ಒಮ್ಮಿ ಇಳೀತೀರೇನು?” ಎಂದಳು ಭುವನೇಶ್ವರಿ.

ಅವನು ಮುಂದೆ ಹೆಜ್ಜೆ ಇಟ್ಟ. ಮೂಗಿನಿಂದ ಮತ್ತೆ ರಕ್ತ ಬಂತು. ಅಷ್ಟರಲ್ಲಿ ಅಜಯಕುಮಾರ, ಸರಪಳಿ ಎಳೆಯಲು ಬಂದಿದ್ದವನು, ಅಂಗಿ ಬಿಚ್ಚಿಬಿಟ್ಟಿದ್ದ.

“ನಾ ಇಳೀತೀನಿ ಅಪ್ಪಾ. ನಾಳಿ ನಾನೇ ಇಳೀಬೇಕಲ್ಲ.”

ಸಿದ್ದಲಿಂಗೇಶ ನಕ್ಕು, ಬರೋಬರಿ ಅಂದ. ಅಂಬಾರಾಯನಿಗೆ ಬೇಡ ಎನ್ನಬೇಕೆನಿಸಿತು. ಬೇಡ ಎನ್ನಲು ಅವನ ಬಳಿ ಯಾವ ಕಾರಣವಿತ್ತು? ಮಗನಿಗೆ ಬೇಕೆಂದು ಬೆಳಿಗ್ಗೆ ಹದಿನಾಲ್ಕು ಮುಳುಗು ಹಾಕಿ ದುಡಿದದ್ದು ಇದೇ ಕೆಲಸಕ್ಕಲ್ಲವೇ.

ಕೆಸರು ನೀರಿನಲ್ಲಿ ಕ್ಯಾಮೆರಾ ನಡೆಯುವುದಿಲ್ಲ. ಭುವನೇಶ್ವರಿ ಎರಡು ಮೊಳ ಬಿಳಿ ಬಟ್ಟೆ ಕೊಟ್ಟು, ತಗಡಿನ ಮೇಲೆ ಹಾಸಿ ಒರೆಸಿ ತಾ, ಸುಣ್ಣವಿದ್ದರೆ ಬಟ್ಟೆಗೆ ಹತ್ತುತ್ತದೆ ಎಂದಳು. ಬಟ್ಟೆ ತೇಲಿ ಹೋಗದಿರಲೆಂದು ಅದರ ತುದಿಯನ್ನು ಅಂಬಾರಾಯನೇ ಮಗನ ಮುಂಗೈಗೆ ಕಟ್ಟಿದ, ಎರಡು ಗಂಟು ಹಾಕಿ. ಸೊಂಟಕ್ಕೆ ಹಗ್ಗ ಕಟ್ಟಿದ. ಆಮೇಲೆ ಪಂಪ್‌ಹೌಸಿಗೆ ಹೋಗಿ ಮೊದಲನೇ ಪಂಪಿನ ಮೂರು ಫ್ಯೂಜು ಕಿತ್ತ. ಎರಡನೆಯದಕ್ಕೆ ಕೈ ಹಾಕುವಾಗ ಸಿದ್ದಲಿಂಗೇಶ ತಡೆದ.

“ಅದು ಇರ್ಲಿ ಬಿಡು. ಮುಂಜಾನಿಂದ ಊರಿಂದ ಫೋನ ಮ್ಯಾಲ ಫೋನ, ಮೇಡಂ ಹೋದ ಕೂಡ್ಲೇ ಜಲ್ದಿ ಚಾಲೂ ಮಾಡಬೇಕು. ಎರಡನೇ ಪೈಪಿನ ಗೇಟಂತೂ ಮುಚ್ಚ್ಯಾದ, ಅದರಿಂದೇನ ಆಗತದ? ನಾನೇ ಇಲ್ಲಿ ನಿಂದರತೀನಿ.”

ಹಾಗಲ್ಲ ಸಾಹೇಬ್ರ, ಪೈಪು ಎರಡಾದರೂ ಬಾವಿ ಒಂದೇ ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ಮುಂಜಾನೆಯ ಸುಳ್ಳಿನಲ್ಲಿ ಇಬ್ಬರೂ ಪಾಲುದಾರರು. ಒಮ್ಮೆ ತಲೆ ಬಾಗಿಸಿದವನಿಗೆ ಅದೇ ಮನುಷ್ಯನೆದುರು ಮತ್ತೆ ತಲೆ ಎತ್ತುವುದು ಎಷ್ಟು ಕಷ್ಟ ಎಂಬುದು ತಲೆ ಬಾಗಿಸಿದವರಿಗೇ ಗೊತ್ತು. ಅಂಬಾರಾಯ ಮೂರೇ ಫ್ಯೂಜು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಹತ್ತೊಂಬತ್ತು ವರ್ಷದ ಕಟ್ಟುನಿಟ್ಟು ಅಂದು ಮುರಿಯಿತು, ಮುರಿದವನು ಅವನೇ.

ಅಜಯ ಮುಳುಗಿದ. ಅಂಬಾರಾಯ ಮೆಟ್ಟಿಲ ಮೇಲೆ ಹಗ್ಗ ಹಿಡಿದು ಕೂತ.

ಕೆಳಗಿದ್ದಾಗ ಹೊತ್ತು ಹೇಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಲ್ಲಿ ಮಾಡಲು ಕೆಲಸವಿರುತ್ತದೆ, ಕೈಗೆ ಏನೋ ಸಿಗುತ್ತದೆ, ಹೆದರಲು ಪುರುಸೊತ್ತಿಲ್ಲ. ಮೇಲೆ ಏನೂ ಇರಲಿಲ್ಲ. ಕೆಂಪು ನೀರು, ಅದರ ಮೇಲೆ ನಾಲ್ಕು ಗುಳ್ಳೆ, ಕೈಯಲ್ಲಿ ಹಗ್ಗ. ಎಣಿಸತೊಡಗಿದ. ಹತ್ತು. ಹದಿನೈದು. ಹಗ್ಗ ಮೆಲ್ಲಗೆ ಸರಿಯುತ್ತಿತ್ತು, ಮಗ ತಗಡು ಹುಡುಕುತ್ತಿದ್ದಾನೆ. ಇಪ್ಪತ್ತು. ಹಗ್ಗ ನಿಂತಿತು. ಸಿಕ್ಕಿರಬೇಕು.

ಆಗ ಅಂಗಾಲಿನ ಕೆಳಗೆ ಮೆಟ್ಟಿಲು ಜುಮ್ಮೆಂದಿತು.

ಏನೆಂದು ತಿಳಿಯಲು ಅವನಿಗೆ ಕ್ಷಣವೂ ಬೇಕಾಗಲಿಲ್ಲ. ಪಂಪು. ಮೇಲೆ ಸಿದ್ದಲಿಂಗೇಶನ ಫೋನು ರಿಂಗಾಗಿತ್ತು, ಯಾರೋ ಜೋರು ಮಾಡಿದ್ದರು, ಎರಡನೇ ಪಂಪಿನ ಗುಂಡಿ ಒತ್ತಿದರೆ ತೊಂದರೆಯಿಲ್ಲ ಎಂದುಕೊಂಡು ಆ ಮನುಷ್ಯ ಒತ್ತಿಬಿಟ್ಟಿದ್ದ.

“ಬಂದ್ ಮಾಡ್ರೋ! ಬಂದ್ ಮಾಡ್ರಿ!”

ಡ್ರಮ್ಮಿನ ಬಳಿ ಬರೆಯುತ್ತಿದ್ದ ಭುವನೇಶ್ವರಿ ಅವನ ಮುಖ ನೋಡಿದವಳೇ ಕಾಗದ ಬಿಸಾಡಿ ಪಂಪ್‌ಹೌಸಿನತ್ತ ಓಡಿದಳು. ಅಂಬಾರಾಯ ಹಗ್ಗ ಎಳೆದ. ಬರಲಿಲ್ಲ. ಮತ್ತೊಮ್ಮೆ ಎಳೆದ. ಬಂಡೆಗೆ ಕಟ್ಟಿದಂತಿತ್ತು. ಮೇಲೆ ಪಂಪು ನಿಂತ ಸದ್ದು ಕೇಳಿತು. ಆದರೆ ನಿಂತರೇನು? ಇಳಿದ ಬಾವಿ ಮತ್ತೆ ಹೊಳೆಯ ಮಟ್ಟಕ್ಕೆ ತುಂಬುವವರೆಗೆ ಪೈಪು ಎಳೆಯುತ್ತಲೇ ಇರುತ್ತದೆ. ಎರಡನೇ ಪೈಪು ಮುಚ್ಚಿದೆ. ಮೊದಲನೇ ಪಂಜರದ ಮೂರು ಮೈ ಕಟ್ಟಿಕೊಂಡಿವೆ. ಇಡೀ ಬಾವಿಯ ಹಸಿವಿಗೆ ತೆರೆದ ಬಾಯಿ ಒಂದೇ, ಬೆಳಿಗ್ಗೆ ತನ್ನ ಕೈಯಾರೆ ತಿಕ್ಕಿ ಬಿಡಿಸಿದ ಆ ತಗಡು. ಮಗ ಅದರ ಮೇಲೆ ಬಟ್ಟೆ ಹಾಸಿ ನಿಂತಿದ್ದಾನೆ, ಬಟ್ಟೆಯ ತುದಿ ಅವನ ಕೈಗೆ ಕಟ್ಟಿದೆ, ಎರಡು ಗಂಟು. ಅಂಬಾರಾಯನಿಗೆ ಇದೆಲ್ಲ ಒಂದೇ ಉಸಿರಿನಲ್ಲಿ ಹೊಳೆಯಿತು. ಹಗ್ಗವನ್ನು ಮೆಟ್ಟಿಲಿನ ಕಬ್ಬಿಣದ ಬಳೆಗೆ ಸುತ್ತಿ, ಅಂಗಿಯಲ್ಲೇ ಹಾರಿದ.

ನೀರೊಳಗೆ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಹಗ್ಗ ಹಿಡಿದು ಇಳಿದ. ಮೊದಲು ಮಗನ ಬೆನ್ನು ಸಿಕ್ಕಿತು, ಆಮೇಲೆ ಭುಜ. ಬಲಗೈ ಮೊಣಕೈವರೆಗೆ ಬಟ್ಟೆಯಲ್ಲಿ ಸಿಕ್ಕು, ಬಟ್ಟೆ ತಗಡಿಗೆ ಬಡಿದು ಕೂತಿತ್ತು. ಅಜಯ ಇನ್ನೂ ಒದ್ದಾಡುತ್ತಿದ್ದ. ಗಂಟು ಬಿಚ್ಚಲು ಬೆರಳಿಟ್ಟರೆ ನೆನೆದ ಗಂಟು ಕಲ್ಲಾಗಿತ್ತು. ಕೈ ಹಿಡಿದು ಎಳೆದರೆ ತೋಳು ಕಿತ್ತು ಬರಬಹುದು, ಬಟ್ಟೆ ಬರುವುದಿಲ್ಲ. ಮಗನ ಒದ್ದಾಟ ಕಡಿಮೆಯಾಗುತ್ತಿತ್ತು. ಅಂಬಾರಾಯ ಅವನನ್ನು ಬಿಟ್ಟ.

ಬಿಟ್ಟು, ಪಕ್ಕದ ಮೈಗೆ ಹೋದ. ಗಾರೆ ಕಟ್ಟಿದ ಸರಳುಗಳ ನಡುವೆ ಹತ್ತೂ ಬೆರಳು ತೂರಿಸಿ ಕಿತ್ತ. ಉಗುರು ಹೋಯಿತು, ಹೋಗಲಿ. ಇನ್ನೊಮ್ಮೆ ಕಿತ್ತ. ಪಾಚಿಯ ಒಂದು ಚಾಪೆಯೇ ಮುರಿದು ಬಂತು, ಆ ತೂತಿನಿಂದ ನೀರು ಭರ್ರನೆ ಒಳಗೆ ನುಗ್ಗಿದ್ದು ಅಂಗೈಗೆ ತಿಳಿಯಿತು. ನೀರಿಗೆ ಬೇರೆ ದಾರಿ ಸಿಕ್ಕಿತ್ತು. ಮತ್ತೂ ಒಂದು ಮೊಳ ಕಿತ್ತ. ಹಿಂದೆ ತಗಡಿನಿಂದ ಬಟ್ಟೆ ಸಡಿಲಿತು. ಮಗನ ಸೊಂಟಕ್ಕೆ ಕೈ ಹಾಕಿ, ತಳಕ್ಕೆ ಒದ್ದು ಮೇಲಕ್ಕೆ ಬಂದ.

ದಂಡೆಯಲ್ಲಿ ಬೋರಲು ಹಾಕಿ ಬೆನ್ನು ಒತ್ತಿದರು. ಎಷ್ಟು ಹೊತ್ತು ಎಂದು ಯಾರೂ ಎಣಿಸಲಿಲ್ಲ. ಅಜಯ ಒಂದು ಸಲ ನಡುಗಿದ, ಕೆಮ್ಮಿದ, ಹೊಳೆಯನ್ನೆಲ್ಲ ಕಾರಿದ. ಮುಂಗೈಯ ಚರ್ಮ ಬಳೆಯಷ್ಟಗಲ ಸುಲಿದಿತ್ತು, ಭುಜ ಜಾರಿತ್ತು. ಜೀವ ಇತ್ತು. ಅಂಬಾರಾಯ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯದೆ, “ನನ್ನಪ್ಪಾ, ನನ್ನಪ್ಪಾ” ಅನ್ನುತ್ತಿದ್ದ. ಸಿದ್ದಲಿಂಗೇಶ ಪಂಪ್‌ಹೌಸಿನ ಬಾಗಿಲಲ್ಲಿ ಕುಸಿದು ಕೂತು, ಗೇಟು ಮುಚ್ಚಿತ್ತಲ್ಲ, ಗೇಟು ಮುಚ್ಚಿತ್ತಲ್ಲ ಎಂದು ಅದನ್ನೇ ಹೇಳುತ್ತಿದ್ದ.

ಭುವನೇಶ್ವರಿ ಅಜಯನ ಕೈಯಿಂದ ಬಟ್ಟೆ ಕತ್ತರಿಸಿ ತೆಗೆದಳು. ಬಟ್ಟೆಯ ತುಂಬ ಮೀನಮರಿಗಳು ಚಪ್ಪಟೆಯಾಗಿ ಅಂಟಿದ್ದವು, ಐವತ್ತಿರಬಹುದು, ಅರವತ್ತಿರಬಹುದು. ಆದರೆ ಸುಣ್ಣದ ಒಂದು ಕಲೆಯೂ ಇರಲಿಲ್ಲ. ಬಟ್ಟೆ ಹೇಳುವಂತೆ ತಗಡು ಸ್ವಚ್ಛ. ಆಕೆಗೆ ಅರ್ಥವಾಗದೆ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

“ಆ ಬಟ್ಟಿ ನಂಬಬ್ಯಾಡ್ರಿ ಮೇಡಂ,” ಎಂದ ಅಂಬಾರಾಯ.

“ಏನಂದ್ರಿ ಕಾಕಾ?”

ಆಗ ಬೆನ್ನ ಹಿಂದೆ ಮುಚ್ಚಿಟ್ಟಿದ್ದ ಕೈಗಳನ್ನು ಅವನು ಈಗ ಮುಂದೆ ಚಾಚಿದ. ಉಗುರು ಕಿತ್ತ ಬೆರಳುಗಳಿಂದ ರಕ್ತ ಇಳಿಯುತ್ತಿತ್ತು.

“ಮುಂಜಾನಿ ನಾನೇ ತಿಕ್ಕಿ ಇಟ್ಟೀನಿ. ಹದಿನಾಲ್ಕು ಮುಳುಗು ಹಾಕೀನಿ. ಎರಡನೇ ವಾರಕ್ಕೇ ಅದು ಕಟ್ಟಿತ್ತು. ನಮ್ಮ ನೀರಾಗ ಸುಣ್ಣ ಅದ, ಅದು ಗಾಳಿಗಿ ಹೋಗಂಗಿಲ್ಲ, ತಿಕ್ಕೇಬೇಕು. ಡ್ರಮ್ಮೇ ಹಾಕ್ರಿ. ಮೀನಂತೂ ಸತ್ವು, ಇವತ್ತ ನನ್ನ ಮಗನ್ನ ನಾನೇ ಕೊಲ್ತಿದ್ದೆ.”

ಭುವನೇಶ್ವರಿ ಆ ಬಟ್ಟೆಯನ್ನು ಮಡಚಿಟ್ಟಳು. ಆಮೇಲೆ, ಜೀಪ್ ತಿರುಗಿಸಿ ಎಂದು ಚಾಲಕನಿಗೆ ಕೂಗಿದಳು.

ಶಹಾಬಾದದ ಆಸ್ಪತ್ರೆಯಲ್ಲಿ ಭುಜ ಕೂರಿಸಿದರು, ಕೈಗೆ ಹೊಲಿಗೆ ಹಾಕಿದರು. ಹೊರಗಿನ ಬೆಂಚಿನ ಮೇಲೆ ಭುವನೇಶ್ವರಿ ಒಂದು ಕಾಗದ ಬರೆದಳು. ಪರೀಕ್ಷೆಗಿಟ್ಟ ತಗಡನ್ನು ಕೈಯಿಂದ ತಿಕ್ಕಿ ಸ್ವಚ್ಛ ಮಾಡಿದ್ದೇನೆ ಎಂಬ ಹೇಳಿಕೆ, ಕೆಳಗೆ ಅಂಬಾರಾಯನ ಸಹಿ ಬೇಕು. ಇದಿಲ್ಲದೆ ದುಬಾರಿ ಡ್ರಮ್ಮನ್ನು ಆರಿಸಿದರೆ ಮೇಲೆ ಯಾರೂ ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಸಿದ್ದಲಿಂಗೇಶನಿಗೆ ಯಾರದೋ ಫೋನು ಬಂದು, ಮುಖಕ್ಕೆ ಬಣ್ಣ ಮರಳಿತ್ತು.

“ಅಂಬಾರಾಯ, ವಿಚಾರ ಮಾಡು. ಅದಕ್ಕ ಸಹಿ ಹಾಕಿದ್ರ ನಾಳಿಂದ ನೀನೂ ಇಲ್ಲ, ಅಜಯನೂ ಇಲ್ಲ. ನನ್ನ ಕಡಿಂದಲ್ಲ, ಮ್ಯಾಲಿನವರ ಮಾತ ಇದು.”

ಅಂಬಾರಾಯ ಎಂಜಿನಿಯರ್ ಕಡೆ ನೋಡಿದ.

“ನಿಮ್ಮ ಕೆಲಸ ಉಳಸೂದು ನನ್ನ ಕೈಯಾಗಿಲ್ಲ ಕಾಕಾ. ಸುಳ್ಳ ಹೇಳಂಗಿಲ್ಲ ನಾ,” ಎಂದಳು ಆಕೆ. ಆಕೆಯ ಕಣ್ಣಲ್ಲಿ ನೀರಿತ್ತು.

ಬ್ಯಾಂಡೇಜು ಸುತ್ತಿದ ಬೆರಳುಗಳಲ್ಲಿ ಪೆನ್ನು ನಿಲ್ಲಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ನಾಲ್ಕನೇ ಇಯತ್ತೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದೇ ಬರೆದ. ಸಿದ್ದಲಿಂಗೇಶ ಪಂಪ್‌ಹೌಸಿನ ಕೀಲಿ ಕೇಳಿದ. ಜೇಬಿಗೆ ಕೈ ಹಾಕಲಾಗದೆ ಅಂಬಾರಾಯ ಜೇಬನ್ನೇ ಮುಂದೆ ಮಾಡಿ ನಿಂತ, ಅವನು ತೆಗೆದುಕೊಂಡು ಹೋದ.

ದೀಪಾವಳಿಯ ಹೊತ್ತಿಗೆ ಎರಡೂ ಪೈಪಿನ ಬಾಯಿಗೆ ತಿರುಗುವ ಡ್ರಮ್ಮು ಬಂದವು. ಈಗ ಅಲ್ಲಿ ಹೊಳೆಗೆ ಯಾರೂ ಇಳಿಯುವುದಿಲ್ಲ. ಅಜಯಕುಮಾರ ಚಿತ್ತಾಪುರದಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಾನೆ, ಬಲಗೈ ಮೇಲೆತ್ತಿದರೆ ನೋಯುತ್ತದೆ ಎನ್ನುತ್ತಾನೆ. ಅಂಬಾರಾಯ ತೊಗರಿ ರಾಶಿಗೆ ಕೂಲಿ ಹೋಗುತ್ತಾನೆ. ಅವನ ಹೇಳಿಕೆಯ ಕಾಗದ ಯಾವುದೋ ಕಡತದಲ್ಲಿದೆ. ಇದೆಲ್ಲ ಆಮೇಲಿನ ಮಾತು. ಆ ದಿನ ಆಸ್ಪತ್ರೆಯಲ್ಲಿ ನಡೆದದ್ದು ಇನ್ನೊಂದಿಷ್ಟು ಇದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅನಸುಬಾಯಿ ಬಂದಳು. ಸುದ್ದಿ ತಿಳಿದವಳು ಒಲೆಯ ಮುಂದಿನಿಂದ ಹಾಗೆಯೇ ಎದ್ದು ಬಂದಿದ್ದಳು, ಬೆರಳಲ್ಲಿ ಜೋಳದ ಹಿಟ್ಟು ಒಣಗಿತ್ತು. ಮೊದಲು ಒಳಗೆ ಹೋಗಿ ಮಗನ ಹಣೆ, ಎದೆ, ಪಾದ ಮುಟ್ಟಿ ನೋಡಿದಳು. ಆಮೇಲೆ ಬಂದು ಗಂಡನ ಪಕ್ಕ ಬೆಂಚಿನ ಮೇಲೆ ಕೂತಳು.

“ಕೆಲಸ ಹೋಯ್ತು,” ಎಂದ ಅಂಬಾರಾಯ. “ಇಬ್ಬರದೂ.”

“ಕೇಳಿದೆ.”

ಅವಳು ಬೈಯಲಿಲ್ಲ, ನಾ ಹೇಳಿರಲಿಲ್ಲವೇ ಅನ್ನಲಿಲ್ಲ. ಅದೇ ಅವನಿಗೆ ತಡೆಯದಾಯಿತು. ಅವಳತ್ತ ತಿರುಗಿ ಕೇಳಿದ.

“ಅನಸೂ, ಇವತ್ತ ನಾ ಮ್ಯಾಲ ಕುಂತಿದ್ದೆ. ಅರ್ಧ ನಿಮಿಷ ಆಗಿರಬೇಕು ನೋಡು. ನನಗ ಜೀವ ತಡೀಲಿಲ್ಲ. ನೀ ಹತ್ತೊಂಬತ್ತ ವರ್ಷ ಹ್ಯಾಂಗ ಕುಂತಿ?”

ಅನಸುಬಾಯಿ ಅವನ ಮುಖ ನೋಡಿದಳು. ಇಂಥ ಪ್ರಶ್ನೆಯನ್ನು ಇದುವರೆಗೆ ಯಾರೂ ಅವಳಿಗೆ ಕೇಳಿರಲಿಲ್ಲ.

“ಹ್ಯಾಂಗಂದ್ರ?” ಎಂದಳು. “ನಾ ಎದ್ದ ಹೋದ್ರ ಅಲ್ಲಿ ಯಾರ ಕುಂದರತಿದ್ರು?”

ಅಂಬಾರಾಯ ಬ್ಯಾಂಡೇಜಿನ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅತ್ತ.